ಲಕ್ಕಣ್ಣನ ಕೂಗು

ಚಟ್ಟ ಹೊತ್ತವರು ಹೆಗಲು ಬದಲಿಸುತ್ತಿದ್ದಾಗ ಹೊಲದ ಬೇಲಿಯಿಂದ ಗೌಜಲಕ್ಕಿ ಕೂಗಿತು. ಕೂಗಿನ ಬೆನ್ನಿಗೇ ಗಂಡಸಿನ ದನಿ: "ಬಾರವ್ವ, ಬಾ."

ಅದು ಲಕ್ಕಣ್ಣನದೇ ದನಿ. ಗಂಟಲಿನ ಆಪರೇಷನ್ ಆಗಿ ಎರಡು ವರ್ಷದಿಂದ ಮಾತೇ ಆಡದಿದ್ದ, ಬೆಳಗ್ಗೆ ತೀರಿಕೊಂಡು ಈಗ ಚಟ್ಟದ ಮೇಲೆ ಮಲಗಿದ್ದ ಲಕ್ಕಣ್ಣನದು.

"ಇಳಿಸ್ರೋ! ಜೀವ ಐತೆ ಕಣ್ರೋ!" ಎಂದು ಅವನ ಬೇಟೆಯ ಜೊತೆಗಾರ ಈರಭದ್ರಪ್ಪ ಕಿರುಚಿದ.

ಹೆಂಡತಿ ತಿಮ್ಮಕ್ಕ ಜನರನ್ನು ತಳ್ಳಿಕೊಂಡು ಬಂದಳು. ಹಗ್ಗ ಸಡಿಲಿಸಿ ಗಂಡನ ಮೂಗಿನ ಬಳಿ ಬೆರಳಿಟ್ಟಳು, ಎದೆಗೆ ಕಿವಿಯಿಟ್ಟಳು. ಮೈ ತಣ್ಣಗಿತ್ತು. ಬೇಲಿಯಿಂದ ಮತ್ತೆ ಅದೇ ದನಿ ಬಂತು.

ಮಗ ಹಾಲೇಶನ ಮುಖ ಬಿಳಿಚಿಕೊಂಡಿತ್ತು. "ಅವ್ವ, ಅದು ಸ್ಪೀಕ್ರು. ಮುಂಜಾನೆ ಬಲೆ ಹಾಕಿ ಇಟ್ಟು ಬಂದಿದ್ದೆ. ಅಪ್ಪ ಹೋದ ಗಾಬ್ರೀಲಿ ಮರ್ತೇಬಿಟ್ಟೆ."

*

ಲಕ್ಕಣ್ಣ ಗೌಜಲಕ್ಕಿಯ ಹಾಗೆ ಕೂಗಿದರೆ ಹಕ್ಕಿಯಿರಲಿ, ಹಕ್ಕಿಯ ಅತ್ತೆಯೂ ಬರುತ್ತಾಳೆ ಎಂದು ಹಿರೇನಲ್ಲೂರಿನ ಕಡೆ ತಮಾಷೆ ಮಾಡುತ್ತಿದ್ದರು. ಆದರೆ ಯುಗಾದಿ ಕಳೆಯಿತೋ, ಅವನ ಬಲೆ ಅಟ್ಟ ಸೇರುತ್ತಿತ್ತು. ದೀಪಾವಳಿಯವರೆಗೆ ಯಾರು ಕಾಲಿಗೆ ಬಿದ್ದರೂ ಇಳಿಯುತ್ತಿರಲಿಲ್ಲ.

"ಮೊಟ್ಟೆ ಮೇಲೆ ಕುಂತಿರೋಳ್ನ ಕರೀಬಾರ್ದು ಕಣೋ. ಕರೆದೋನ ಬಾಯಿ ಬಿದ್ದೋಗ್ತದೆ" ಎನ್ನುತ್ತಿದ್ದ.

ಆಪರೇಷನ್ನಿನ ಹಿಂದಿನ ದಿನ ಹಾಲೇಶ ಫೋನು ಹಿಡಿದು, "ಒಂದ್ಸಲ ಕೂಗಪ್ಪ, ನೆನಪಿಗಿರ್ಲಿ" ಎಂದ. ಲಕ್ಕಣ್ಣ ನಾಚಿಕೊಂಡೇ ಹಕ್ಕಿಯ ಕೂಗು ಕೂಗಿ, ಕೊನೆಗೆ "ಬಾರವ್ವ, ಬಾ" ಎಂದಿದ್ದ.

*

ಬೇಲಿಯ ಬುಡದ ಬಲೆಯಲ್ಲಿ ಹೆಣ್ಣು ಹಕ್ಕಿ ಸಿಕ್ಕಿ ಸತ್ತಿತ್ತು. ಒದ್ದಾಡುತ್ತಲೇ ಮೊಟ್ಟೆಯಿಟ್ಟಿತ್ತು.

"ಇದ್ಯಾವ ತಿಂಗ್ಳೋ?" ಎಂದಳು ತಿಮ್ಮಕ್ಕ. "ನಿಮ್ಮಪ್ಪ ಬಾಯಿ ಇದ್ದಾಗ ಮಾಡ್ದೇ ಇದ್ದಿದ್ದನ್ನ ಸಾಯೋ ದಿನ ಅವನ ಬಾಯಲ್ಲೇ ಮಾಡಿಸಿದ್ಯಲ್ಲೋ!"

"ತಪ್ಪಾಯ್ತು ಕಣವ್ವ."

"ಅಳಿಸಾಕು."

"ಅಪ್ಪನ ದನಿ ಅಂತ ಉಳ್ದಿರೋದು ಇದೊಂದೇ ಕಣವ್ವ. ಆಮೇಲೆ ನಿಂಗೇ ಬೇಕು ಅನ್ಸಿದ್ರೆ?"

ತಿಮ್ಮಕ್ಕನಿಗೆ ಅದು ಗೊತ್ತಿತ್ತು. ಆ ದನಿಗಾಗಿ ಎರಡು ವರ್ಷ ಒಳಗೊಳಗೇ ಅತ್ತವಳು ಅವಳು. "ಒಂದ್ಸಲ ಹಾಕು" ಎಂದಳು. ಕಣ್ಣು ಮುಚ್ಚಿ ಕೊನೆಯವರೆಗೂ ಕೇಳಿದಳು. ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು, "ಈಗ ಅಳಿಸು" ಎಂದಳು.

ಹಾಲೇಶ ಸ್ಪೀಕರಿನಿಂದಲೂ ಫೋನಿನಿಂದಲೂ ಅಳಿಸಿದ. ಚಟ್ಟ ಮತ್ತೆ ಹೆಗಲೇರಿತು.

ಗುಂಡಿಗೆ ಹೆಣ ಇಳಿಸಿದರು. ತಿಮ್ಮಕ್ಕ ಹಿಡಿ ಮಣ್ಣು ತೆಗೆದುಕೊಂಡು ಬಗ್ಗಿದಳು. ಆಗ ಕೆರೆಯಾಚೆಯ ಹೊಲದಿಂದ ಗೌಜಲಕ್ಕಿ ಕೂಗಿತು. ಸಣ್ಣಗೆ, ಆದರೆ ಸ್ಪಷ್ಟವಾಗಿ ಕೇಳಿಸಿತು: "ಬಾರವ್ವ, ಬಾ."

ಈರಭದ್ರಪ್ಪ ಹಾಲೇಶನ ಕೊರಳಪಟ್ಟಿ ಹಿಡಿದ. "ಲೇ, ಅಳಿಸ್ದೆ ಅಂದ್ಯಲ್ಲೋ!"

"ಹಕ್ಕಿ ಹಿಡಿಯೋರ ವಾಟ್ಸಾಪ್ ಗ್ರೂಪಿಗೆ ಹಾಕಿದ್ದೆ ಕಣ್ ಮಾವ" ಎಂದು ಹಾಲೇಶ ಅಳತೊಡಗಿದ. "ಅಜ್ಜಂಪುರ, ತರೀಕೆರೆ ಕಡೆಯೋರೆಲ್ಲ ಅವ್ರೆ ಅದ್ರಲ್ಲಿ. ಎಲ್ರ ಹತ್ರನೂ ಐತೆ."

ಕೆರೆಯಾಚೆಯಿಂದ ಮತ್ತೆ ಕರೆ ಬಂತು. ತಿಮ್ಮಕ್ಕ ನೆಟ್ಟಗೆ ನಿಂತಳು. ಮಣ್ಣನ್ನು ಗುಂಡಿಗೆ ಹಾಕದೆ, ಮುಷ್ಟಿಯಲ್ಲಿ ಬಿಗಿಹಿಡಿದುಕೊಂಡೇ, ದನಿ ಬಂದ ಕಡೆ ನಡೆಯತೊಡಗಿದಳು.