ಸಿದ್ದವ್ವನ ಕೆಮ್ಮು

ಮ್ಯಾಂಚೆಸ್ಟರ್ ವಿಮಾನ ನಿಲ್ದಾಣದ ಸರಕು ಕಚೇರಿಯಲ್ಲಿ ಕೆಲಸ ಮಾಡುತ್ತಿದ್ದ ಜಲಜಾ ನಲವತ್ತು ದಾಟಿದ ಮೇಲೆ ಕಾನೂನು ಓದಲು ಹೊರಟಳು. ವಾರದ ದಿನಗಳಲ್ಲಿ ವಿದನ್‌ಶಾದ ಮನೆಯಿಂದಲೇ ಆನ್‌ಲೈನ್ ಪಾಠ; ತಿಂಗಳಿಗೊಂದು ಶನಿವಾರ ಲೀಡ್ಸ್‌ಗೆ ರೈಲು ಹಿಡಿದು ಹೋಗಿ ತರಗತಿಯಲ್ಲಿ ಕೂರಬೇಕು. ಆ ವರ್ಷ, ಅಂದರೆ ೨೦೧೬ರಲ್ಲಿ, ಆಸ್ತಿ ಕಾನೂನು ಮತ್ತು ಕಾಪಿರೈಟ್ ಕಾನೂನು ಎರಡನ್ನೂ ಕಲಿಸುತ್ತಿದ್ದವನು ಗ್ರಹಾಂ ಹೋಲ್ರಾಯ್ಡ್.

ಬರ್ಮಿಂಗ್‌ಹ್ಯಾಮಿನಿಂದ ಬರುತ್ತಿದ್ದ ಸಹಪಾಠಿ ಭಾವನಾ ಮೈಸೂರಿನವಳು. ಬೇರೆಯವರ ಜಾಗದಲ್ಲಿ ಹಾದುಹೋಗುವ ಹಕ್ಕಿನ ಪಾಠ ಅವಳ ತಲೆಗೆ ಹತ್ತಲಿಲ್ಲ. ಅವಳಿಗಾಗಿ ಜಲಜಾ ಅಡುಗೆಮನೆಯಲ್ಲಿ ಕೂತು, ಫೋನಿನಲ್ಲಿ ಇಂಗ್ಲಿಷಿನಲ್ಲೇ ಪಾಠ ಹೇಳಿ, ರೆಕಾರ್ಡ್ ಮಾಡಿ ಕಳಿಸಿದಳು.

"ಸಿದ್ದವ್ವ ನಮ್ಮ ಧಾರವಾಡದ ಓಣಿಯವಳು. ಸೊಂಟದ ಮೇಲೆ ಕೊಡ ಇಟ್ಟುಕೊಂಡು ನಮ್ಮ ಹಿತ್ತಲು ಹಾದು ಬಾವಿಗೆ ಹೋಗುತ್ತಾಳೆ. ಅಪ್ಪಣೆ ಕೇಳುವುದಿಲ್ಲ, ಕೇಳಬೇಕಾಗಿಯೂ ಇಲ್ಲ. ಬರುತ್ತಿದ್ದೇನೆಂದು ತಿಳಿಯಲಿ ಅಂತ ಒಮ್ಮೆ ಕೆಮ್ಮುತ್ತಾಳೆ. ಕೆಮ್ಮುವುದು ಅವಳ ಮರ್ಯಾದೆ. ದಾರಿ ಅವಳ ಹಕ್ಕು."

ಭಾವನಾಗೆ ಅದು ಎಷ್ಟು ಹಿಡಿಸಿತೆಂದರೆ ಇನ್ನಷ್ಟು ಬೇಕೆಂದಳು. ಜಲಜಾ ಇಡೀ ಆಸ್ತಿ ಕಾನೂನನ್ನೇ ಹಾಗೆ ಹೇಳಿ ಮುಗಿಸಿದಳು.

ಈಸ್ಟರ್ ಕಳೆದ ಮೇಲೆ ಕಾಲೇಜಿನ ಪೋರ್ಟಲ್‌ನಲ್ಲಿ ಹೊಸ ಪಾಠಮಾಲೆ ಬಂತು. ರಚನೆ: ಗ್ರಹಾಂ ಹೋಲ್ರಾಯ್ಡ್. ಚೊಕ್ಕ ಇಂಗ್ಲಿಷ್ ದನಿಯೊಂದು ಹೇಳುತ್ತಿತ್ತು: ಸೂಸನ್ ಕೈಯಲ್ಲಿ ಚೀಲ ಹಿಡಿದು ಪಕ್ಕದವರ ಅಂಗಳ ಹಾದು ತನ್ನ ಗ್ಯಾರೇಜಿಗೆ ಹೋಗುತ್ತಾಳೆ. ಅಪ್ಪಣೆ ಕೇಳುವುದಿಲ್ಲ, ಕೇಳಬೇಕಾಗಿಯೂ ಇಲ್ಲ. ಒಮ್ಮೆ ಕೆಮ್ಮುತ್ತಾಳೆ.

ಜಲಜಾಳ ಮೈ ಉರಿದುಹೋಯಿತು. ಭಾವನಾಗೆ ಫೋನ್ ಮಾಡಿದಳು.

"ಅಕ್ಕಾ, ನಾನೇ ಅವರಿಗೆ ಕೇಳಿಸಿದ್ದು," ಎಂದು ಭಾವನಾ ಅಳುವ ಹಾಗಾದಳು. "ನಿಮ್ಮನ್ನ ಹೊಗಳ್ತಾರೆ ಅಂದ್ಕೊಂಡೆ. ಫೈಲ್ ಕಳಿಸು ಅಂದ್ರು, ಕಳಿಸ್ದೆ."

ಗಂಡ ಪ್ರಭಾಕರ ಸಾಫ್ಟ್‌ವೇರ್ ಇಂಜಿನಿಯರ್. ಲ್ಯಾಪ್‌ಟಾಪಿನಿಂದ ತಲೆ ಎತ್ತದೆ ಹೇಳಿದ: "ಸುಮ್ನ ಬಿಡು. ಮಾರ್ಕ್ಸು ಅವನ ಕೈಯಾಗ ಅದಾವ."

"ನಿಮ್ಮ ಕೋಡ್ ಯಾರರ ಎತ್ತಿಕೊಂಡು ಹೋಗಿದ್ರ ಸುಮ್ನ ಬಿಡ್ತಿದ್ರೇನು?"

"ಅದು ಬ್ಯಾರೆ. ಅದು ಕೆಲಸ."

"ಮತ್ತ ನಂದೇನು? ಹರಟೀನಾ?"

ಅಂದು ಅವಳು ಅವನಿಗೆ ಊಟಕ್ಕೆ ಬಡಿಸಲಿಲ್ಲ.

ಮುಂದಿನ ಶನಿವಾರ ಲೀಡ್ಸ್‌ನಲ್ಲಿ ತರಗತಿ ಮುಗಿದೊಡನೆ ಹೋಲ್ರಾಯ್ಡ್‌ನ ಕೋಣೆಗೆ ಹೋದಳು. ಅವನು ನಗುತ್ತಲೇ ಕುರ್ಚಿ ತೋರಿಸಿದ. ಅವಳು ಕೂರಲಿಲ್ಲ.

"ಐಡಿಯಾಗೆ ಕಾಪಿರೈಟ್ ಇಲ್ಲ, ಜಲಜಾ. ನನ್ನ ತರಗತಿಯಲ್ಲೇ ಕಲಿತಿರಿ."

"ಐಡಿಯಾ ನಿಮ್ಮದೂ ಅಲ್ಲ, ನನ್ನದೂ ಅಲ್ಲ. ವಾಕ್ಯ ನನ್ನವು. ಸೂಸನ್ ಯಾಕೆ ಕೆಮ್ಮುತ್ತಾಳೆ, ಹೇಳಿ. ಇಂಗ್ಲೆಂಡಿನಲ್ಲಿ ಯಾರು ಹಾಗೆ ಕೆಮ್ಮಿಕೊಂಡು ಗ್ಯಾರೇಜಿಗೆ ಹೋಗುತ್ತಾರೆ?"

ಅವನ ನಗು ಸಣ್ಣದಾಯಿತು. "ನಿಮ್ಮ ಹೆಸರು ಹಾಕಬೇಕೆಂದು ನೀವು ಮೊದಲೇ ಹೇಳಿರಲಿಲ್ಲವಲ್ಲ. ಕಾನೂನು ಹಾಗಿದೆ."

"ಅದು ಹೆಸರು ಹಾಕಿಸಿಕೊಳ್ಳುವ ಹಕ್ಕಿಗೆ ಮಾತ್ರ. ಕಾಪಿರೈಟಿಗೆ ನಾನು ಯಾರಿಗೂ ಹೇಳಬೇಕಾಗಿಲ್ಲ. ಅದನ್ನೂ ನೀವೇ ಕಲಿಸಿದ್ದು." ಅವಳ ದನಿ ನಡುಗುತ್ತಿತ್ತು. ಹೆದರಿಕೆಗೆ ನಡುಗುತ್ತಿದೆಯೆಂದು ಅವನು ತಿಳಿದಾನೆಂಬ ಯೋಚನೆಗೇ ಸಿಟ್ಟು ಇನ್ನಷ್ಟು ಏರಿತು. "ಬೇರೆಯವರ ಸ್ವತ್ತೆಂದರೆ ಏನೆಂದು ಕಲಿಸುವವರು ನೀವು!"

ಕಾಲೇಜಿಗೆ ದೂರು ಕೊಟ್ಟಳು. ತನ್ನ ಮೂಲ ಧ್ವನಿಮುದ್ರಣಗಳನ್ನೂ ಲಗತ್ತಿಸಿದಳು. ಫೈಲ್ ಕಳಿಸಿದ್ದು ತಾನೇ ಎಂದು ಭಾವನಾ ಹೆದರುತ್ತಲೇ ಬರೆದುಕೊಟ್ಟಳು. ಕಾಲೇಜಿನವರು ಕರೆಸಿ, ಕಾಫಿ ಕೊಟ್ಟು, ಹೊಸ ವಿದ್ಯಾರ್ಥಿಗಳನ್ನು ಸೆಳೆಯುವ ಜಾಹೀರಾತಿನಲ್ಲಿ ಅವಳ ಫೋಟೊ ಹಾಕುತ್ತೇವೆ, ಇಲ್ಲಿಗೇ ಬಿಡಿ ಎಂದರು.

"ನನ್ನ ದನಿ ತೆಗೆದುಹಾಕಿದಿರಿ. ಈಗ ಮುಖ ಬೇಕೇ?" ಎಂದು ಕೇಳಿ ಎದ್ದು ಬಂದಳು.

ಬೇಸಿಗೆ ರಜೆಗೆ ಮೊದಲು ಪಾಠಮಾಲೆ ಪೋರ್ಟಲ್‌ನಿಂದ ಮಾಯವಾಯಿತು. ಹೋಲ್ರಾಯ್ಡ್‌ನಿಂದ ಎರಡು ಸಾಲಿನ ಕ್ಷಮಾಪಣೆ ಬಂತು. ತಪ್ಪು ಯಾವುದೆಂದು ಅದರಲ್ಲಿ ಇರಲಿಲ್ಲ. ಅವಳ ಉತ್ತರಪತ್ರಿಕೆಯನ್ನು ಬೇರೆಯವರು ತಿದ್ದಿದರು. ಪಾಸಾದಳು. ಪರೀಕ್ಷೆಯ ಹೊತ್ತಿಗೆ ಆ ಪಾಠಮಾಲೆ ಕೈತಪ್ಪಿಸಿದಳೆಂದು ಕೆಲವು ಸಹಪಾಠಿಗಳು ಮಾತು ಬಿಟ್ಟರು. ಕೇಳಿದ್ದರೆ ತನ್ನ ದನಿಯ ಪಾಠಗಳನ್ನು ಅವಳೇ ಕೊಡುತ್ತಿದ್ದಳು. ಭಾವನಾ ಬಿಟ್ಟು ಯಾರೂ ಕೇಳಲಿಲ್ಲ.

ಫಲಿತಾಂಶ ನೋಡಿ ಪ್ರಭಾಕರ ತಾನೇ ಚಹಾ ಮಾಡಿ ತಂದ. "ನಾ ಅವತ್ತು ಹಂಗ ಅನ್ನಬಾರದಿತ್ತು," ಎಂದ. ಕಪ್ಪು ಅವಳ ಮುಂದೆ ಹಿಡಿದು ಕೇಳಿದ: "ಇನ್ನಾದ್ರೂ ಸಿಟ್ಟು ಇಳೀತೋ ಇಲ್ಲೋ?"

"ಇಲ್ಲ," ಎಂದಳು ಜಲಜಾ. ಚಹಾ ತೆಗೆದುಕೊಂಡಳು. "ಇಳಿಸ್ಕೊಳ್ಳೋ ಮನಸ್ಸೂ ಇಲ್ಲ."