ಸಣ್ಣ ತೂತಿನ ಜೆಟ್

ಎಂಜಿನ್ನಿಗೆ ಸಿಂಗಾರ ಮಾಡಬೇಕು ಎಂದು ಕೌಶಲ್ ಶೆಟ್ಟಿ ಹೇಳಿದಾಗ ಶೀನ ಪೂಜಾರಿ ಕೈಯಲ್ಲಿದ್ದ ಸ್ಕೂಟರಿನ ಬ್ರೇಕ್ ಕೇಬಲ್ಲನ್ನು ಕೆಳಗಿಟ್ಟು ಅವನ ಮುಖ ನೋಡಿದ.

"ಸಿಂಗಾರ ಅಂದ್ರೆ ಎಂತ ಶೆಟ್ರೇ? ಮಲ್ಲಿಗಿ ಮುಡ್ಸುದಾ?"

"ತಮಾಷಿ ಅಲ್ಲ ಶೀನಣ್ಣ. ಬಾನೆಟ್ ಎತ್ತಿರೆ ಒಳ್ಗೆ ನಮ್ ಮುಖ ಕಾಣ್ಕ್. ಹಾಂಗೆ ಮಾಡ್ಕ್."

ಕಾರು ಫಿಯೆಟ್. ಕೌಶಲನ ಅಪ್ಪ ಮುಂಬೈಯಲ್ಲಿ ಹೋಟೆಲು ನಡೆಸುತ್ತಿದ್ದಾಗ ಕೊಂಡದ್ದು. ಅಪ್ಪ ಸತ್ತ ಮೇಲೆ ಕೋಟೇಶ್ವರದ ತಮ್ಮ ಲಾಡ್ಜಿನ ಹಿಂದೆ ಹನ್ನೊಂದು ವರ್ಷ ತಗಡಿನ ಮಾಡಿನ ಕೆಳಗೆ ನಿಂತಿತ್ತು. ಈಗ ಕರಾವಳಿಯಲ್ಲಿ ಹಳೆ ಕಾರು ಇಟ್ಟುಕೊಂಡವರದ್ದೊಂದು ಬಳಗ ಆಗಿದೆ. ಭಾನುವಾರಗಳಲ್ಲಿ ಅವರು ಒಂದೆಡೆ ಸೇರಿ, ಬಾನೆಟ್ ಎತ್ತಿ ನಿಲ್ಲಿಸಿ, ಒಬ್ಬರ ಎಂಜಿನ್ನನ್ನು ಇನ್ನೊಬ್ಬರು ಹೊಗಳುತ್ತಾರೆ. ಮುಂದಿನ ತಿಂಗಳು ಬೈಂದೂರಿನಾಚೆ ಒತ್ತಿನೆಣೆಯ ಗುಡ್ಡದ ಮೇಲೆ ಸೇರುವವರಿದ್ದರು. ಬಹುಮಾನವೂ ಇತ್ತು.

"ಇದೊಂದ್ ಸಮಾ ಆಯ್ತ್ ಅಂದ್ರೆ ಬಳಗದ್ ಇನ್ನೂ ನಾಕ್ ಗಾಡಿ ನಿಮ್ ಹತ್ರವೇ ಬತ್ತ್" ಎಂದ ಕೌಶಲ್.

ಶೀನ ಒಪ್ಪಿದ್ದು ಆ ಮಾತಿಗೆ. ಅವನಿಗೆ ಅರವತ್ತೊಂದು. ಕುರ್ಲಾದ ಟ್ಯಾಕ್ಸಿ ಗ್ಯಾರೇಜಿನಲ್ಲಿ ಇಪ್ಪತ್ತೆರಡು ವರ್ಷ ಫಿಯೆಟ್ ಬಿಟ್ಟು ಬೇರೇನನ್ನೂ ಮುಟ್ಟಿದವನಲ್ಲ. ಆ ಟ್ಯಾಕ್ಸಿಗಳು ಒಂದೊಂದಾಗಿ ಗುಜರಿಗೆ ಹೋದ ಮೇಲೆ ಊರಿಗೆ ಬಂದು, ತಲ್ಲೂರಿನ ಹೆದ್ದಾರಿ ಬದಿಯಲ್ಲಿ ಸ್ಕೂಟರ್ ರಿಪೇರಿಗೆ ಕೂತ. ಕೂತ ಎಂದರೆ ಅಕ್ಷರಶಃ ಕುಕ್ಕರುಗಾಲಲ್ಲಿ ಕೂತ. ಹತ್ತು ವರ್ಷದಲ್ಲಿ ಎರಡೂ ಮೊಣಕಾಲು ಹಾಳಾದವು. ಬೆಳಿಗ್ಗೆ ಎದ್ದು ಕಾಲು ನೆಟ್ಟಗೆ ಮಾಡಲು ಗೋಡೆ ಬೇಕು. ಕಾರಿನ ಎಂಜಿನ್ನಾದರೆ ನಿಂತು ಮಾಡುವ ಕೆಲಸ. ಅದಕ್ಕಿಂತ ಮುಖ್ಯವಾಗಿ, ತನಗೆ ಬರುವ ಕೆಲಸ. ಸ್ಕೂಟರಿನ ಬ್ರೇಕು ಯಾರು ಬೇಕಾದರೂ ಬಿಗಿಯುತ್ತಾರೆ. ನಾಲ್ಕು ಗಾಡಿ ಸಿಕ್ಕರೆ ಸಾಯುವವರೆಗೆ ಎಂಜಿನ್ ಮೆಕ್ಯಾನಿಕ್ ಆಗಿಯೇ ಇರಬಹುದು.

ಸಿಂಗಾರಕ್ಕೆ ಮೂರು ವಾರ ಹೋಯಿತು. ಎಂಜಿನ್ನಿನ ಮೇಲಿನ ಮುಚ್ಚಳವನ್ನೂ ಏರ್ ಕ್ಲೀನರಿನ ಡಬ್ಬಿಯನ್ನೂ ಮಂಗಳೂರಿಗೆ ಕಳಿಸಿ ಬೆಳ್ಳಿಯಂತೆ ಹೊಳೆಯುವ ಲೇಪ ಹಾಕಿಸಿದ್ದಾಯಿತು. ಪ್ಲಗ್ಗಿನ ವೈರುಗಳು ಕೆಂಪು. ಹಿತ್ತಾಳೆಯ ಕೊಳವೆಗಳನ್ನು ಎಮರಿ ಕಾಗದದಲ್ಲಿ ಉಜ್ಜಿ, ಆಮೇಲೆ ಬಟ್ಟೆಯಲ್ಲಿ ಉಜ್ಜಿ, ನಟ್ಟುಗಳ ಮೂಲೆಗಳನ್ನು ಹಳೆ ಹಲ್ಲುಜ್ಜುವ ಬ್ರಶ್ಶಿನಲ್ಲಿ ತಿಕ್ಕಿದ. ಮಧ್ಯಾಹ್ನ ಬುತ್ತಿ ತಂದ ಹೆಂಡತಿ ಗುಲಾಬಿ ಸ್ವಲ್ಪ ಹೊತ್ತು ನಿಂತು ನೋಡಿದಳು.

"ಹ್ವಾಯ್, ಮನಿ ಪಾತ್ರಿ ಒಂದ್ ದಿನಾರೂ ಹೀಂಗ್ ತಿಕ್ಕಿದ್ರಿಯಾ?"

"ನಿನ್ ಪಾತ್ರಿಗೆ ಬಹುಮಾನ ಕೊಡ್ತ್ರಾ?"

"ಕೊಡುದಿಲ್ಲೆ. ನಾ ಮೂವತ್ತ್ ವರ್ಷದಿಂದ ಕಾಣ್ತಾ ಇದ್ದೆ."

ಶೀನನಿಗೆ ಈ ಉಜ್ಜುವ ಕೆಲಸ ಬೇಸರ ತಂದಿತ್ತು. ಹೊಳಪಿನಿಂದ ಎಂಜಿನ್ ಒಂದು ಗೇಣೂ ಮುಂದೆ ಹೋಗುವುದಿಲ್ಲ. ಅವನು ಕಾಯುತ್ತಿದ್ದದ್ದು ಟ್ಯೂನಿಂಗಿಗೆ. ಅದು ಬಂದದ್ದು ಹೊರಡುವ ಎರಡು ದಿನ ಮೊದಲು, ಶುಕ್ರವಾರ. ಅವತ್ತು ಒಂದೂ ಸ್ಕೂಟರ್ ತೆಗೆದುಕೊಳ್ಳಲಿಲ್ಲ. ಪ್ಲಗ್ಗಿನ ಸಂದು ಸರಿ ಮಾಡಿದ, ಪಾಯಿಂಟ್ ಉಜ್ಜಿದ, ಟ್ಯಾಪೆಟ್ ಒಂದೊಂದಾಗಿ ಬಿಗಿದ. ಕಾರ್ಬೊರೇಟರ್ ಬಿಚ್ಚಿ ಪೆಟ್ರೋಲಿನಲ್ಲಿ ತೊಳೆದ. ಅದರೊಳಗಿನ ಜೆಟ್, ಎಂದರೆ ಪೆಟ್ರೋಲ್ ಹಾದು ಹೋಗುವ ತೂತಿರುವ ಹಿತ್ತಾಳೆಯ ತುಣುಕು, ಹಸಿರು ಹಿಡಿದು ಹಾಳಾಗಿತ್ತು. ಮುಂಬೈಯಿಂದ ತಂದ ಬಿಸ್ಕತ್ತಿನ ಡಬ್ಬಿಯಲ್ಲಿ ಅಂಥವು ಹತ್ತಿಪ್ಪತ್ತು ಇದ್ದವು. ಕೈ ಹಾಕಿ ಒಂದನ್ನು ತೆಗೆದು ತಿರುಗಿಸಿ ಕೂರಿಸಿದ. ಕಣ್ಣು ಬೇರೆಲ್ಲೋ ಇತ್ತು. ಬೆರಳಿಗೆ ಗೊತ್ತಿದ್ದ ಕೆಲಸ.

ಚಾಲೂ ಮಾಡಿ, ಕಿವಿ ಕೊಟ್ಟು, ಸ್ಕ್ರೂವನ್ನು ಕೂದಲೆಳೆಯಷ್ಟು ಆಚೆ ಈಚೆ ತಿರುಗಿಸುತ್ತ ಅರ್ಧ ಗಂಟೆ ನಿಂತ. ಕೊನೆಗೆ ಐದು ರೂಪಾಯಿಯ ನಾಣ್ಯವೊಂದನ್ನು ಹೊಳೆಯುವ ಮುಚ್ಚಳದ ಮೇಲೆ ಅಂಚಿನಲ್ಲಿ ನಿಲ್ಲಿಸಿದ. ಎಂಜಿನ್ ಓಡುತ್ತಿತ್ತು. ನಾಣ್ಯ ಬೀಳಲಿಲ್ಲ. ಮೊಣಕಾಲು ನೋಯುತ್ತಿದೆ ಎಂಬುದು ಅವನಿಗೆ ಅಷ್ಟು ಹೊತ್ತು ಮರೆತೇ ಹೋಗಿತ್ತು.

ಭಾನುವಾರ ಕೌಶಲ್ ತಾನೇ ಓಡಿಸಿದ. ಪಕ್ಕದಲ್ಲಿ ಅವನ ಹೆಂಡತಿ ನಿಶ್ಮಿತಾ. ಹಿಂದಿನ ಸೀಟಿನಲ್ಲಿ ಶೀನ, ಅವನ ಮೈಮೇಲೆಯೇ ಎನ್ನುವಂತೆ ಬಳಗದವರಿಗಾಗಿ ಒಯ್ಯುತ್ತಿದ್ದ ನೀರಿನ ಬಾಟಲಿಗಳ ಪೆಟ್ಟಿಗೆಗಳು. ಡಿಕ್ಕಿಯೂ ಭರ್ತಿ. ಮರವಂತೆಯಲ್ಲಿ ನಿಶ್ಮಿತಾ ಕಿಟಕಿಯಿಂದ ಕೈ ಹೊರಗೆ ಹಾಕಿ ವಿಡಿಯೋ ತೆಗೆದಳು. ಬೈಂದೂರು ದಾಟುವವರೆಗೆ ಕಾರು ಹೊಲಿಗೆ ಯಂತ್ರದಂತೆ ಓಡಿತು.

ಒತ್ತಿನೆಣೆಯ ಏರಿನಲ್ಲಿ ಅದು ಕೆಮ್ಮಿತು. ಕೌಶಲ್ ಇನ್ನಷ್ಟು ಒತ್ತಿದ. ಬಾನೆಟ್ಟಿನ ಒಳಗಿಂದ ಟಪ್, ಟಪ್ ಎಂದು ಪಟಾಕಿ ಸಿಡಿದಂತೆ ಸದ್ದಾಯಿತು. ಹಿಂದೆ ಬಂದ ಲಾರಿಯವನು ಹಾರ್ನ್ ಹಾಕಿ ದಾಟಿ ಹೋದ.

ಎರಡನೇ ಟಪ್ ಕೇಳಿದಾಗಲೇ ಶೀನನಿಗೆ ಗೊತ್ತಾಗಿತ್ತು. ಕುರ್ಲಾದಲ್ಲಿ ಪ್ರತಿ ಟ್ಯಾಕ್ಸಿಗೂ ಅವರು ಹಾಕುತ್ತಿದ್ದದ್ದು ಸಣ್ಣ ತೂತಿನ ಜೆಟ್. ಪೆಟ್ರೋಲ್ ಉಳಿಯಬೇಕು, ಅಷ್ಟೇ ಡ್ರೈವರನ ಬೇಡಿಕೆ. ಸಿಗ್ನಲ್ಲಿನಿಂದ ಸಿಗ್ನಲ್ಲಿಗೆ ಹೋಗುವ ಸಪಾಟು ರಸ್ತೆಯ ಗಾಡಿಗೆ ಅದು ಸಾಕು. ತುಂಬಿದ ಗಾಡಿ ಗುಡ್ಡ ಹತ್ತುವಾಗ ಎಂಜಿನ್ನಿಗೆ ಉಸಿರು ಕಟ್ಟುತ್ತದೆ. ಡಬ್ಬಿಯೊಳಗೆ ಎರಡೂ ಬಗೆಯವು ಇದ್ದವು. ಅವನ ಬೆರಳು ಇಪ್ಪತ್ತೆರಡು ವರ್ಷ ಹುಡುಕುತ್ತಿದ್ದದ್ದನ್ನೇ ಹುಡುಕಿ ತೆಗೆದಿತ್ತು. ಶೆಟ್ಟರ ಕಾರನ್ನು ಅವನು ಅಚ್ಚುಕಟ್ಟಾಗಿ ಟ್ಯಾಕ್ಸಿ ಮಾಡಿ ಇಟ್ಟಿದ್ದ.

"ಎಂತ ಶೀನಣ್ಣ ಇದ್? ನಿಲ್ತಾ ಎಂತ ಕತಿ?"

"ಚೋಕ್ ಅರ್ಧ ಎಳ್ಕಣಿ."

"ಬಿಸಿ ಗಾಡಿಗೆ ಚೋಕಾ?"

"ಎಳ್ಕಣಿ ಅಂದೆ. ಹಾಂಗೇ ಹಿಡ್ಕಣಿ, ಬಿಡ್ಬೇಡಿ."

ಚೋಕ್ ಎಳೆದರೆ ಗಾಳಿ ಕಡಿಮೆಯಾಗಿ ಪೆಟ್ರೋಲಿನ ಪಾಲು ಹೆಚ್ಚುತ್ತದೆ. ಕಾರು ತಿಣುಕುತ್ತ ಮೇಲೆ ಹತ್ತಿತು. ನಿಶ್ಮಿತಾ ಫೋನನ್ನು ಬ್ಯಾಗಿಗೆ ಹಾಕಿಕೊಂಡಿದ್ದಳು. ಈ ಭಾಗದ ವಿಡಿಯೋ ಯಾರಿಗೂ ಬೇಕಿರಲಿಲ್ಲ.

ಮೇಲೆ ಒಂಬತ್ತು ಕಾರುಗಳು ಸಾಲಾಗಿ ಬಾಯಿ ತೆರೆದು ನಿಂತಿದ್ದವು. ತೀರ್ಪು ಕೊಡಲು ಬಂದವರು ನಿವೃತ್ತ ಪಾಲಿಟೆಕ್ನಿಕ್ ಮೇಷ್ಟರು. ಫಿಯೆಟ್ಟಿನ ಮುಂದೆ ಬಂದು ಅವರು ಬಗ್ಗಿ ತಮ್ಮ ಮುಖ ನೋಡಿಕೊಂಡರು, ಮೀಸೆ ಸರಿಮಾಡಿಕೊಂಡರು. ಸುತ್ತಲಿದ್ದವರು ನಕ್ಕರು. ಮೇಷ್ಟರು ಚಾಲೂ ಮಾಡಲು ಹೇಳಿದರು. ನಿಂತಲ್ಲೇ ಓಡುವುದಕ್ಕೆ ಸಣ್ಣ ತೂತಿನ ಜೆಟ್ಟಿನಿಂದ ಏನೂ ತೊಂದರೆಯಿಲ್ಲ. ಶೀನ ಹೇಳಿಕೊಟ್ಟಿದ್ದಂತೆ ಕೌಶಲ್ ನಾಣ್ಯ ನಿಲ್ಲಿಸಿದ. ನಿಂತಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ಅತ್ಯುತ್ತಮ ಎಂಜಿನ್ ಎಂಬ ಬಹುಮಾನ ಅದಕ್ಕೇ ಬಂತು. ಫೋಟೋಗೆ ಕೌಶಲ್ ಶೀನನನ್ನು ಎಳೆದು ಪಕ್ಕಕ್ಕೆ ನಿಲ್ಲಿಸಿಕೊಂಡ.

ಜನ ಊಟದ ಕಡೆ ಹೋದ ಮೇಲೆ ಒಬ್ಬರು ಉಳಿದರು. ಕೋಟದಲ್ಲಿ ಅಂಗಡಿ ಇಟ್ಟಿರುವ ಪ್ರವೀಣ ಉರಾಳರು. ಅವರದು ಅಂಬಾಸಿಡರ್, ಮೈತುಂಬ ಗೀರು. ಬಳಗದಲ್ಲಿ ದಿನವೂ ಓಡುವ ಕಾರು ಅದೊಂದೇ.

"ಶೀನ ಪೂಜಾರ್ರೇ, ನಂಗೆ ಈ ಪಾಲಿಶ್ ಗೀಲಿಶ್ ಎಲ್ಲ ಬ್ಯಾಡ. ಎಂಜಿನ್ ಬಿಚ್ಚಿ ಪೂರ್ತಿ ಕಾಣ್ಕ್. ಮಕ್ಳ್, ಅಮ್ಮ ಎಲ್ಲ ಸೇರಿ ಆರ್ ಜನ ಕೂಕಂಡ್ ಘಾಟಿ ಹತ್ತುದ್ ನಾವ್. ಮಧ್ಯ ಎಲ್ಲೂ ನಿಲ್ಲುಕಾಗ. ನಿಮ್ ಕೈಯಲ್ ಆತ್ತಾ?"

ಶೀನ ಕಾಯುತ್ತಿದ್ದದ್ದು ಈ ಪ್ರಶ್ನೆಗೆ. ಆತ್ತ್ ಎಂದುಬಿಟ್ಟರೆ ಮುಗಿಯುತ್ತಿತ್ತು. ಆದರೆ ಆರು ಜನ ಎಂದಾಗ ಅವನಿಗೆ ಘಾಟಿಯ ತಿರುವಿನಲ್ಲಿ ನಿಂತ ಕಾರೂ, ಹಿಂದಿನಿಂದ ಬರುವ ಲಾರಿಯೂ ಕಂಡವು. ಶುಕ್ರವಾರ ತಾನು ಇನ್ನೇನೇನು ನೋಡದೆ ಮಾಡಿರಬಹುದು ಎಂದು ನೆನಪಿಸಿಕೊಂಡ. ನೆನಪಾಗಲಿಲ್ಲ. ಹೆದರಿಕೆಯಾದದ್ದು ಅದಕ್ಕೆ.

"ಉರಾಳ್ರೇ, ಈಗ ಬಪ್ಪ ಹೊತ್ತಿಗೆ ಈ ಗಾಡಿ ಗುಡ್ಡಿಯಲ್ಲ್ ಕೆಮ್ತ್" ಎಂದ. "ನಂದೇ ತಪ್ಪ್. ಟ್ಯಾಕ್ಸಿ ಜೆಟ್ ಹಾಕ್ಬಿಟ್ಟೆ. ಹಾಕ್ದದ್ ನಂಗೇ ಗೊತ್ತಾಯ್ಲಿಲ್ಲೆ."

ಉರಾಳರು ಫಿಯೆಟ್ಟನ್ನು ನೋಡಿದರು, ಶೀನನ ಕೈಯನ್ನೂ ನೋಡಿದರು.

"ಹೌದಾ... ಕಾಂಬ."

ಈ ಸೀಮೆಯಲ್ಲಿ ಆಗುವುದಿಲ್ಲ ಎಂದು ಮುಖದ ಮೇಲೆ ಹೇಳುವ ರೂಢಿ ಇಲ್ಲ. ಹೆಣ್ಣು ಕೇಳಿ ಬಂದವರಿಗೂ ಜಾಗ ಕೇಳಿ ಬಂದವರಿಗೂ ಕಾಂಬ, ಅಂದರೆ ನೋಡೋಣ, ಎನ್ನುತ್ತಾರೆ, ಕೇಳಿದವರು ಎದ್ದು ಹೋಗುತ್ತಾರೆ. ಉರಾಳರು ಅವನ ಫೋನ್ ನಂಬರ್ ಕೇಳಲಿಲ್ಲ. "ಊಟಕ್ಕೆ ಬನ್ನಿ, ಪಾಯಸ ಖಾಲಿಯಾತ್ತ್" ಎಂದು ಹೇಳಿ ಹೋದರು. ಒಳ್ಳೆಯವರೇ.

ವಾಪಸ್ಸು ಬರುವಾಗ ಇಳಿಜಾರು, ಹಿಂದಿನ ಸೀಟಿನಲ್ಲಿ ಪೆಟ್ಟಿಗೆಗಳಿಲ್ಲ. ಕಾರು ಸದ್ದಿಲ್ಲದೆ ಇಳಿಯಿತು.

"ಕಾಣಿ, ಎಂತಾ ತೊಂದ್ರಿ ಇಲ್ಲೆ" ಎಂದ ಕೌಶಲ್. ಖುಷಿಯಲ್ಲಿದ್ದ.

"ನಾಳೆ ಒಂದರ್ಧ ಗಂಟೆ ಗಾಡಿ ಕೊಡಿ ಶೆಟ್ರೇ. ಜೆಟ್ ಬದ್ಲ್ ಮಾಡ್ಕ್."

"ಅದ್ಕೆ ಮೇಲಿನ ಏರ್ ಕ್ಲೀನರ್ ಡಬ್ಬಿ ಬಿಚ್ಚುಕಿತ್ತಾ?"

"ಬಿಚ್ಚ್ದೆ ಆತಿಲ್ಲೆ."

"ಹಾಂಗಾರೆ ಬ್ಯಾಡ ಮಾರಾಯ್ರೆ. ಗೀರ್ ಬಿದ್ರೆ? ಮುಂದಿನ್ ಸಲ ಕಾರ್ಕಳದಲ್ಲ್ ಅಂಬ್ರ್. ಲಾರಿ ಮೇಲೆ ಹಾಕಂಡ್ ಹೋಪ."

ನಿಶ್ಮಿತಾ ಹಿಂದೆ ತಿರುಗಿ, ಮೂರು ಜನ ತಮ್ಮ ಗಾಡಿಗೂ ಇದೇ ಥರ ಮಾಡಿಸಬೇಕೆಂದು ಆಗಲೇ ಕೇಳಿದರು ಎಂದಳು. ಶೀನ ಮೊಣಕಾಲು ನೀಡಲು ನೋಡಿದ. ಮುಂದಿನ ಸೀಟು ಅಡ್ಡ ಬಂತು. ತಲ್ಲೂರಿನಲ್ಲಿ ತನ್ನ ಗ್ಯಾರೇಜಿನ ಎದುರು ಕಾರು ನಿಂತಾಗ ಬಾಗಿಲು ಹಿಡಿದು ಇಳಿದು, ಕಾಲು ನೆಟ್ಟಗಾಗುವವರೆಗೆ ಹಾಗೆಯೇ ನಿಂತ.

"ಆ ಮೂರ್ ಗಾಡಿ ಎಂತ ಹೇಳುದ್ ಶೀನಣ್ಣ? ಕಳ್ಸ್ಲಾ?"

"ಕಳ್ಸಿ. ಒಂದೊಂದೇ ಕಳ್ಸಿ. ಮೇಲ್ ಮಾತ್ರ ತಿಕ್ಕಿ ಕೊಡ್ತೆ. ಒಳ್ಗೆ ಕೈ ಹಾಕುದಿಲ್ಲೆ, ಅದ್ನ ಮೊದ್ಲೇ ಹೇಳ್ಬಿಡಿ ಅವ್ರಿಗೆ."

"ಒಳ್ಗೆ ಯಾರ್ ಕಾಂತ್ರ್ ಮಾರಾಯ್ರೆ?" ಎಂದು ಕೌಶಲ್ ನಕ್ಕು ಗೇರ್ ಹಾಕಿದ.