ಬಿಸಿಲಿದ್ದೂ ಕರೆಂಟಿಲ್ಲದ ಮನೆ

ಮೊಯಿನ್ ಮೋಟರಿನ ಸ್ವಿಚ್ಚನ್ನು ನಾಲ್ಕನೇ ಸಲ ಒತ್ತಿದ. ಬೀದಿಗೇ ಕರೆಂಟಿರಲಿಲ್ಲ, ಮೋಟರು ಕಮಕ್ ಕಿಮಕ್ ಅನ್ನಲಿಲ್ಲ. ಟ್ಯಾಂಕು ಬರಿದಾಗಿತ್ತು. ಒಳಗೆ ಅವನ ಭಾವ, ಶಿಕಾರಿಪುರದ ಪೇಟೆಯಲ್ಲಿ ಮೂವತ್ತು ವರ್ಷ ಬಟ್ಟೆ ಹೊಲಿದ ನಜೀರ್ ಸಾಬ್, ಕೊನೆಯ ಸ್ನಾನಕ್ಕೆ ಕಾಯುತ್ತಾ ಮಲಗಿದ್ದರು. ಮಧ್ಯಾಹ್ನದ ನಮಾಜಿನ ಹೊತ್ತಿಗೆ ಹೆಗಲ ಮೇಲೆ ಜನಾಜಾ ಹೊರಡಬೇಕು.

“ತಾರಸಿ ತುಂಬಾ ಸೋಲಾರು, ನೆತ್ತಿ ಸುಡೋ ಬಿಸಿಲು. ಆದ್ರೂ ಒಂದು ಬಿಂದಿಗೆ ನೀರಿಗೆ ಗತಿಯಿಲ್ಲ. ಭಾವಂಗೆ ಯಾರೋ ಸರಿಯಾಗಿ ಟೋಪಿ ಹಾಕ್ಯಾರೆ, ಆಪಾ,” ಎಂದ.

ಸಾವಿನ ಮನೆಯಲ್ಲಿ ಹೀಗೂ ಮಾತಾಡುವುದುಂಟೇ? ಗಂಡನ ಬಳಿ ಕೂತಿದ್ದ ಖುರ್ಷೀದ್ ಬೀಗೆ ತಮ್ಮನ ಮೇಲೆ ಸಿಟ್ಟು ಬಂತು, ಅದರ ಬೆನ್ನಿಗೇ ಅನುಮಾನವೂ ಬಂತು. ನಿಜವಾಗಿ ಮೋಸ ಹೋಗಿದ್ದರೇ? ಊರವರ ಕಣ್ಣಲ್ಲಿ ಪೆದ್ದನಾಗಿಯೇ ಮಣ್ಣಿಗೆ ಹೋಗಬೇಕೇ ಆ ಮನುಷ್ಯ?

*

ಸೋಲಾರ್ ಹಾಕಿಸಿದ ವರ್ಷ ಮೊದಲ ಸಲ ಕರೆಂಟು ಹೋದಾಗ ಅವಳೂ ಇದನ್ನೇ ಕೇಳಿದ್ದಳು. ನಜೀರ್ ಸಾಬ್ ಸೂಜಿಗೆ ದಾರ ಪೋಣಿಸುತ್ತಲೇ ಹೇಳಿದ್ದರು.

“ನಮ್ಮ ಕರೆಂಟೂ ಬೀದಿ ಕರೆಂಟೂ ಒಂದೇ ತಂತೀಲಿ ಓಡಾಡ್ತಾವೆ. ಬೀದೀದು ಹೋದ್ರೆ ನಮ್ದೂ ತಾನೇ ನಿಂತ್ಕೊಳ್ತದೆ. ನಿಲ್ಲದಿದ್ರೆ ಹೊರಗೆ ಹರಿದು, ಕಂಬದ ಮೇಲೆ ಕೆಲ್ಸ ಮಾಡೋನು ಸತ್ತೇಹೋಗ್ತಾನೆ.”

“ಯಾರು ಸಾಯೋದು?”

“ಯಾರಾದ್ರೂ ಆಗ್ಲಿ ಬಿಡು.”

ಅವಳು ತಲೆಯಾಡಿಸಿದ್ದಳು. ಮಾತು ತಲೆಗೆ ಹೋಗಿರಲಿಲ್ಲ.

*

“ನಮ್ಮ ಶಾಮಿಯಾನ ಅಂಗಡಿ ಜನರೇಟರ್ ತಂದೀನಿ. ಮನೆ ಪ್ಲಗ್ಗಿಗೇ ವೈರ್ ಚುಚ್ಚಿಬಿಟ್ರೆ ಮನೆಗೆಲ್ಲ ಬರ್ತದೆ,” ಎನ್ನುತ್ತಾ ಮೊಯಿನ್ ಒಳಗೆ ಬಂದ.

ಖುರ್ಷೀದ್ ಬೀ ಗಂಡನ ಕಾಲಬಳಿಯಿಂದ ಎದ್ದು ಕಿಟಕಿಗೆ ಬಂದಳು. ಬೀದಿಯ ತಿರುವಿನ ಕಂಬದ ಮೇಲೆ ಲೈನ್‌ಮನ್ ಮಾಸ್ತಪ್ಪ ತಂತಿ ಬಿಗಿಯುತ್ತಿದ್ದ. ಯಾವ ಕರೆಂಟು ಎಲ್ಲಿಂದ ಎಲ್ಲಿಗೆ ಹೋಗುತ್ತದೋ, ಅವಳಿಗೆ ಈಗಲೂ ಒಂದೂ ತಿಳಿಯಲಿಲ್ಲ. ತಿರುಗಿ ತಮ್ಮನ ತೋಳು ಹಿಡಿದಳು.

“ಚುಚ್ಚಬೇಡ, ಮೊಯಿನ್.”

“ಯಾಕೆ ಆಪಾ?”

“ನಂಗೊತ್ತಿಲ್ಲ. ಅವ್ರು ಹೇಳಿದ್ರು. ಕಂಬದ ಮೇಲೆ ಮನುಷ್ಯ ಇದಾನೆ.”

ಮೊಯಿನ್ ಕಂಬ ನೋಡಿದ, ಕಂಬದಿಂದ ಮನೆಗೆ ಬಂದ ತಂತಿ ನೋಡಿದ, ಕೈಯಲ್ಲಿದ್ದ ವೈರ್ ನೋಡಿದ. ಅವನ ಮುಖ ಬಿಳುಚಿಕೊಂಡಿತು. ವೈರನ್ನು ಸುತ್ತಿಟ್ಟ.

“ನಮ್ಮನೆ ಬಾವಿ ಐತಲ್ರೀ, ಸೇದಿದ್ರಾಯ್ತು,” ಎಂದು ಪಕ್ಕದ ಮನೆಯ ನಿರ್ಮಲಮ್ಮ ಸೆರಗು ಸಿಕ್ಕಿಸಿಕೊಂಡು ಎದ್ದಳು. ಕೈಯಿಂದ ಕೈಗೆ ದಾಟಿ ಕೊಡಗಳು ಬಂದವು. ನಜೀರ್ ಸಾಬರ ಸ್ನಾನಕ್ಕೆ ನೀರು ಸಾಕಾಗಿ ಮಿಕ್ಕಿತು.

ಜನಾಜಾ ಬೀದಿಗಿಳಿಯಿತು. ಹೆಂಗಸರು ಹಿಂದೆ ಹೋಗುವಂತಿರಲಿಲ್ಲ. ಖುರ್ಷೀದ್ ಬೀ ಕಿಟಕಿಯಲ್ಲೇ ನಿಂತಳು. ಅಳಬೇಕೋ, ನೆಮ್ಮದಿಯ ಉಸಿರು ಬಿಡಬೇಕೋ ಗೊತ್ತಾಗಲಿಲ್ಲ. ತಿರುವಿನಲ್ಲಿ ಮಾಸ್ತಪ್ಪ ಕಂಬದಿಂದ ಇಳಿದು, ಚಪ್ಪಲಿ ಬಿಟ್ಟು, ನಾಲ್ಕು ಹೆಜ್ಜೆ ಹೆಗಲು ಕೊಟ್ಟ. ಆಮೇಲೆ ಅಂಗೈ ಬೆವರನ್ನು ಪ್ಯಾಂಟಿಗೆ ಒರೆಸಿಕೊಂಡು ಮತ್ತೆ ಮೇಲೆ ಹತ್ತಿದ. ಬರಿಗೈಯಲ್ಲೇ ತಂತಿ ಹಿಡಿದುಕೊಂಡ.